ಭಿನ್ನವಾದ ಬಿಲ್ಲೆ

ರಾಯಚೂರಿನ ನಮ್ಮ ಮನೆಯ ಅಡಿಗೆಮನೆಗೆ ಒಂದು ಕಿಟಕಿ ಇತ್ತು. ಅದನ್ನು ಕಿಟಕಿ ಎಂದು ಕರೆಯುವ ಧೈರ್ಯ ಅದನ್ನು ಕಟ್ಟಿಸಿದವರಿಗೆ ಮಾತ್ರ ಇದ್ದಿರಬೇಕು. ಅಂಗೈಯಗಲದ ತೂತು, ಅದಕ್ಕೂ ಕಬ್ಬಿಣದ ಸರಳು. ಒಲೆಯ ಹೊಗೆ ಆ ದಾರಿ ಹಿಡಿದು ಹೊರಗೆ ಹೋದದ್ದನ್ನು ನಾನಂತೂ ಕಾಣಲಿಲ್ಲ. ಅದು ನಮ್ಮ ಕಣ್ಣಲ್ಲಿ, ಮೂಗಲ್ಲಿ, ಸೀರೆಯ ನೆರಿಗೆಯಲ್ಲಿ ಸೇರಿಕೊಂಡು ನಾವು ಹೊರಗೆ ಬಂದಾಗ ನಮ್ಮ ಜೊತೆಗೇ ಬರುತ್ತಿತ್ತು.

ಚಂದ್ರಬಂಡದ ಕಡೆಯಿಂದ ಬಂಡಿಯ ಮೇಲೆ ಜಾಲಿ ಕಟ್ಟಿಗೆ ಬರುತ್ತಿತ್ತು. ಒಣಗಿದೆ ಎಂದು ಬಂಡಿಯವನು ಆಣೆ ಮಾಡುತ್ತಿದ್ದ. ಒಲೆಗೆ ಇಟ್ಟ ಕೂಡಲೇ ಅದು ಬುಸುಗುಟ್ಟಿ ತುದಿಯಲ್ಲಿ ನೀರು ಬಿಡುತ್ತಿತ್ತು. ನಾನು ಊದುಕೊಳವೆ ಹಿಡಿದು ಊದುತ್ತಿದ್ದೆ. ಮಾನ್ವಿಯ ತವರಿನಿಂದ ಲಗ್ನವಾಗಿ ಬಂದ ಮೇಲೆ ನಾನು ಮಾಡಿದ ಕೆಲಸವನ್ನೆಲ್ಲ ಒಂದು ಮಾತಿನಲ್ಲಿ ಹೇಳು ಎಂದರೆ, ಊದಿದೆ ಎನ್ನಬೇಕು. ನನ್ನ ತವರು ಗುಡಿಯ ಪೂಜೆಯ ಮನೆತನ, ಅಲ್ಲಿಯೂ ಮಡಿ ಇತ್ತು. ಆದರೆ ಈ ಮನೆಯ ಮಡಿ ಬೇರೆ. ಇಲ್ಲಿ ಅದು ನಮ್ಮ ಅತ್ತೆಯ ಉಸಿರಾಗಿತ್ತು.

ಅತ್ತೆ ವಿಧವೆ. ತಲೆ ಬೋಳಿಸಿಕೊಂಡು ಕೆಂಪು ಸೀರೆ ಉಟ್ಟವರು. ಬೆಳಕು ಹರಿಯುವ ಮೊದಲೇ ಎದ್ದು ಸ್ನಾನ ಮಾಡಿ, ಒದ್ದೆ ಸೀರೆಯನ್ನೇ ಸುತ್ತಿಕೊಂಡು ಅಡಿಗೆಮನೆ ಹೊಕ್ಕರೆ ದೇವರ ನೈವೇದ್ಯ ಆಗುವ ತನಕ ಅವರನ್ನು ಯಾರೂ ಮುಟ್ಟುವಂತಿರಲಿಲ್ಲ. ಸ್ನಾನವಾದ ಮೇಲೆ ನನಗೂ ಒಳಗೆ ಪ್ರವೇಶವಿತ್ತು, ಆದರೆ ಒಲೆ ಊದುವುದಕ್ಕೆ, ನೀರು ತುಂಬುವುದಕ್ಕೆ ಮಾತ್ರ. ಅನ್ನದ ತಪ್ಪೇಲಿಗೆ ಕೈ ಹಾಕುವ ಹಕ್ಕು ಅವರೊಬ್ಬರದೇ. ಅಡಿಗೆ ಮುಗಿದ ಮೇಲೆ ಚೊಂಬಿನಿಂದ ನೀರು ಎರಚಿ ಒಲೆಯ ಹಿಂದಿನ ಗೋಡೆಯನ್ನು ಹೆಗಲೆತ್ತರದವರೆಗೆ ತೊಳೆಯುತ್ತಿದ್ದರು. ಅನ್ನ ಕುದಿಯುವಾಗ ಹನಿ ಸಿಡಿದು ಗೋಡೆ ಮುಸುರೆಯಾಗಿದೆ ಎಂಬುದು ಅವರ ಲೆಕ್ಕ. ಗೋಡೆಯ ಸುಣ್ಣ ದಿನವೂ ಸ್ವಲ್ಪ ಸ್ವಲ್ಪ ಕರಗಿ ಅವರ ಕಾಲಡಿಯ ಫರಸಿಕಲ್ಲಿನ ಮೇಲೆ ಹರಿದುಹೋಗುತ್ತಿತ್ತು. ಆ ಸುಣ್ಣದ ನೀರನ್ನು ಬಳಿಯುವ ಕೆಲಸ ಯಾರದು ಎಂದು ಬೇರೆ ಹೇಳಬೇಕಾಗಿಲ್ಲ.

ಆ ವರ್ಷ ಅತ್ತೆಯ ಕೆಮ್ಮು ನಿಲ್ಲಲೇ ಇಲ್ಲ. ಕೆಮ್ಮಿ ಕೆಮ್ಮಿ ಅವರು ಒಲೆಯ ಮುಂದೆ ಎರಡೂ ಕೈ ನೆಲಕ್ಕೆ ಊರಿ ಕೂತುಬಿಡುತ್ತಿದ್ದರು. ಕಣ್ಣಿನಿಂದ ನೀರು ಸುರಿಯುತ್ತಲೇ ಇರುತ್ತಿತ್ತು. ದವಾಖಾನೆಯ ಡಾಕ್ಟರರು ಮನೆಗೆ ಬಂದು, ದೂರದಲ್ಲಿ ನಿಂತೇ ಅವರ ಉಸಿರಿನ ಸದ್ದು ಕೇಳಿ, ಹೊರಗೆ ಬಂದು ನಮ್ಮ ಮನೆಯವರಿಗೆ ಹೇಳಿದರು. ಹೊಗೆ ಬಿಡಬೇಕು, ಇಲ್ಲವೇ ಅಡಿಗೆ ಬಿಡಬೇಕು. ಎರಡನ್ನೂ ಬಿಡದಿದ್ದರೆ ಮುಂದಿನ ಚಳಿಗಾಲ ಕಷ್ಟ.

ಅದನ್ನು ಮಗ ತಾಯಿಗೆ ಹೇಳಿದಾಗ ಅತ್ತೆ ಒಲೆಯ ಕಟ್ಟಿಗೆಯನ್ನು ಒಳಕ್ಕೆ ತಳ್ಳಿದರು. ಆಮೇಲೆ ಕೇಳಿದರು.

“ಅಡಿಗಿ ಬಿಟ್ಟು ನಾ ಏನು ಮಾಡ್ಲಿ? ಮುಂಜಿ ಮದುವಿಗೆ ನನ್ನ ಯಾರೂ ಕರಿಯಂಗಿಲ್ಲ. ಮುಂಜಾನೆ ಎದ್ದು ನನ್ನ ಮುಖ ನೋಡ್ಲಿಕ್ಕೆ ಓಣ್ಯಾಗಿನ ಮಂದಿ ಹೆದರ್ತಾರ. ದೇವರೊಬ್ಬ ನನ್ನ ಕೈ ಅಡಿಗಿ ಬೇಕು ಅಂತಾನ. ಅದನ್ನೂ ಬಿಡು ಅಂದ್ರ, ನಾ ಯಾಕ ಇರ್ಬೇಕು ಹೇಳು.”

ನಮ್ಮ ಮನೆಯವರು ವಕೀಲರು. ಕೋರ್ಟಿನಲ್ಲಿ ಉರ್ದುವಿನಲ್ಲಿ ವಾದಿಸಿ ಗೆದ್ದು ಬರುತ್ತಿದ್ದರು, ಮನೆಯಲ್ಲಿ ತಾಯಿಯ ಮುಂದೆ ಕನ್ನಡದಲ್ಲಿ ಸೋಲುತ್ತಿದ್ದರು. ಆ ದಿನವೂ ಸೋತರು. ಆದರೆ ಸೋತು ಸುಮ್ಮನೆ ಕೂಡಲಿಲ್ಲ. ನಮ್ಮ ಓಣಿಗೆ ಕರೆಂಟಿನ ಕಂಬ ಬಂದು ಸ್ವಲ್ಪ ಕಾಲವಾಗಿತ್ತು, ಪಡಸಾಲೆಯಲ್ಲಿ ಒಂದು ದೀಪ ಉರಿಯುತ್ತಿತ್ತು. ಹೈದರಾಬಾದಿಗೆ ಕೆಲಸದ ಮೇಲೆ ಹೋದಾಗ ಅವರು ಕರೆಂಟಿನ ಒಲೆ ತಂದರು. ಬಿಳಿಯ ಗಟ್ಟಿ ಪಿಂಗಾಣಿ ತಟ್ಟೆಯ ಮೇಲೆ ಸುರುಳಿ ಸುರುಳಿ ತಂತಿ. ಹೊಗೆಯಿಲ್ಲ, ಬೂದಿಯಿಲ್ಲ, ಊದುವುದಿಲ್ಲ. ಊದುವುದಿಲ್ಲ ಎಂಬ ಮಾತು ಕೇಳಿ ನಾನು ಆ ಒಲೆಯನ್ನು ದೇವರ ಪೆಟ್ಟಿಗೆಯನ್ನು ನೋಡುವ ಹಾಗೆ ನೋಡಿದೆ.

ಅತ್ತೆ ಹೊಸಿಲಿನ ಆಚೆ ನಿಂತು ಅದನ್ನು ವಿಚಾರಿಸಿದರು.

“ಕರೆಂಟು ಎಲ್ಲಿಂದ ಬರ್ತದ?”

“ತಂತ್ಯಾಗಿಂದ, ಅವ್ವಾ.”

“ದಾರ್ಯಾಗ ಅದನ್ನ ಯಾರರೆ ಮುಟ್ಟತಾರೇನು?”

“ಮುಟ್ಟಿದವ್ರು ಉಳಿಯಂಗಿಲ್ಲ.”

“ಹಂಗಾದ್ರ ಅದು ಮಡೀನೇ. ಬರ್ಲಿ.”

ಇಷ್ಟು ಸುಲಭವಾಗಿ ಅವರು ಯಾವುದಕ್ಕೂ ಒಪ್ಪಿದ್ದನ್ನು ನಾನು ಕಂಡಿರಲಿಲ್ಲ. ಬದುಕಬೇಕೆಂಬ ಆಸೆ ಅವರಿಗೂ ಇದೆ ಎಂದು ಆಗ ತಿಳಿಯಿತು.

ಬಿಜಲಿ ಆಫೀಸಿನ ವೈರ್‌ಮನ್ ಬಂದ. ವಯಸ್ಸಾದ ಮುಸಲ್ಮಾನ, ಮಾತು ಕಡಿಮೆ. ಪಡಸಾಲೆಯ ದೀಪದಿಂದ ತಂತಿ ಎಳೆದು, ಗೋಡೆಗುಂಟ ಮರದ ಪಟ್ಟಿಯೊಳಗೆ ಅದನ್ನು ಮುಚ್ಚಿ, ಅಡಿಗೆಮನೆಯ ಗೋಡೆಗೆ ಅಂಗೈಯಗಲದ ದುಂಡು ಮರದ ಗಟ್ಟಿ ಜಡಿದು, ಅದರ ಮೇಲೆ ಕರಿಯ ಪ್ಲಗ್ಗಿನ ಡಬ್ಬಿ ಕೂರಿಸಿದ. ಆಮೇಲೆ ಗೋಡೆಯ ಮೇಲೆ ಕೈಯಾಡಿಸಿದ. ಕೈ ಒದ್ದೆಯಾಯಿತು.

“ವಕೀಲಸಾಬ್, ಈ ಗ್ವಾಡಿ ನೀರು ಕುಡಿತದ. ನೀರು ಅಂದ್ರ ಬಿಜಲಿಗಿ ಬಾ ಅಂತ ಬುಲಾವಾ ಕೊಟ್ಟಂಗ. ಗ್ವಾಡಿ ಒಣಾ ಇರ್ಬೇಕ್ರಿ. ಇಲ್ಲಂದ್ರ ನಾ ಇಲ್ಲಿತನಕ ಲೈನ್ ಕೊಡಂಗಿಲ್ಲ.”

ಗೋಡೆ ಒಣಗಿರಬೇಕು, ಗೋಡೆ ತೊಳೆಯಬೇಕು. ಎರಡೂ ಆಗಬೇಕೆಂದರೆ ಒಂದೇ ದಾರಿ ಎಂದು ನಮ್ಮ ಮನೆಯವರು ಹೇಳಿದರು. ಹೊಳಪಿನ ಬಿಳಿ ಟೈಲ್ಸು ಹಚ್ಚಿಸುವುದು. ನೀರು ಎರಚುವುದೇ ಬೇಡ, ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು, ಮುಸುರೆ ಹೋಗುತ್ತದೆ, ನೀರು ಒಳಗೆ ಇಳಿಯುವುದಿಲ್ಲ. ಅತ್ತೆ ಅದಕ್ಕೂ ಹೂಂ ಎಂದರು. ಎರಡನೆಯ ಮಹಾಯುದ್ಧದ ಕಾಲ, ಮೊಳೆ ಕೂಡ ಸುಲಭವಾಗಿ ಸಿಗುತ್ತಿರಲಿಲ್ಲ. ರೈಲ್ವೆ ಗುತ್ತಿಗೆಯ ಕಕ್ಷಿದಾರರೊಬ್ಬರ ಹತ್ತಿರ ಮುಂಬಯಿಯಿಂದ ತರಿಸಿ ಉಳಿದ ಟೈಲ್ಸು ಇದ್ದವು. ಯಾವನೋ ದೊರೆಯ ಸ್ನಾನದ ಕೋಣೆಗೆ ತರಿಸಿದವು ಎಂಬುದನ್ನು ನಾವಿಬ್ಬರೂ ಅತ್ತೆಗೆ ಹೇಳಲಿಲ್ಲ. ಅವರು ಹೇಗೂ ಒಂದೊಂದನ್ನೂ ಅರಿಷಿಣದ ನೀರಿನಲ್ಲಿ ತೊಳೆದೇ ಒಳಗೆ ಬಿಟ್ಟುಕೊಂಡರು.

ಊರಿನ ಗೌಂಡಿಗಳಿಗೆ ಕಲ್ಲು ಗೊತ್ತು, ಸುಣ್ಣ ಗೊತ್ತು, ಈ ಹೊಸ ವಸ್ತು ಗೊತ್ತಿರಲಿಲ್ಲ. ದೇವದುರ್ಗದವನೊಬ್ಬ ಹೈದರಾಬಾದಿನಲ್ಲಿ ದೊಡ್ಡ ಮನೆಗಳ ಕೆಲಸ ಮಾಡಿ ಬಂದಿದ್ದಾನೆಂದು ತಿಳಿದು ಅವನನ್ನು ಕರೆಸಿದರು. ಅವನು ಟೈಲ್ಸಿಗೆ ಬಿಲ್ಲೆ ಎನ್ನುತ್ತಿದ್ದ. ನಾವೂ ಹಾಗೇ ಅನ್ನತೊಡಗಿದೆವು. ದಣಿವನ್ನು ನಾನು ಒಳಗೇ ಇಟ್ಟುಕೊಳ್ಳುವವಳಾದರೆ ಅವನು ಅದನ್ನು ಓಣಿಗೆಲ್ಲ ಹಂಚುವವನು. ಪ್ರತಿ ಬಿಲ್ಲೆಗೂ ಒಂದು ನಿಟ್ಟುಸಿರು. ಸೊಂಟ ನೋವು, ಹೆಂಡತಿ ಮಸರಕಲ್ಲಿನ ತವರಿಗೆ ಹೋದವಳು ಬಂದಿಲ್ಲ, ಈ ಸಿಮೆಂಟು ಸಿಮೆಂಟಲ್ಲ ಬೂದಿ.

“ಯವ್ವಾ, ಯಾವ ಪುಣ್ಯಾತ್ಮ ಕಟ್ಯಾನರೀ ಈ ಗ್ವಾಡಿ? ಹೊಟ್ಟಿ ಬಂದದ. ನಾ ಬಿಲ್ಲಿ ಹಚ್ಚಾಕತ್ತೀನೋ, ಇದರ ಹೆರಿಗಿ ಮಾಡಾಕತ್ತೀನೋ ತಿಳಿವಲ್ದು.”

ನಗಬಾರದೆಂದು ಸೆರಗು ಬಾಯಿಗೆ ಹಿಡಿದರೂ ನನಗೆ ನಗು ಬಂತು. ದೇವರ ಪೆಟ್ಟಿಗೆ, ಪಾತ್ರೆಗಳನ್ನೆಲ್ಲ ಹೊರಗೆ ಸಾಗಿಸಿ, ಹಿತ್ತಲ ಪಡಸಾಲೆಯಲ್ಲಿ ಮೂರು ಕಲ್ಲು ಹೂಡಿ ಅಡಿಗೆ ನಡೆದಿತ್ತು. ಅಲ್ಲಿ ಗಾಳಿ ಯಾವ ಕಡೆಯಿಂದ ಬೀಸಿದರೂ ಹೊಗೆ ಅತ್ತೆಯ ಮುಖಕ್ಕೇ ಬರುತ್ತಿತ್ತು. ಕೆಲಸ ಬೇಗ ಮುಗಿಯಲಿ ಎಂದು ನಾನು ದೇವರಿಗೆ ಬೇಡಿಕೊಳ್ಳುತ್ತಿದ್ದೆ. ಕೆಮ್ಮಿನ ನಡುವೆ ಉಸಿರು ಸಿಗದೆ ಅವರ ತುಟಿ ನೀಲಿಯಾಗುವುದನ್ನು ನೋಡುತ್ತ ಒಲೆ ಊದುವುದು ಸುಲಭವಲ್ಲ.

ಕೆಳಗಿನ ಸಾಲುಗಳು ಚೆನ್ನಾಗಿ ಬಂದವು. ದಾರ ಕಟ್ಟಿ, ನೀರಿನಲ್ಲಿ ನೆನೆಸಿದ ಬಿಲ್ಲೆಯನ್ನು ಒಂದೊಂದಾಗಿ ಒತ್ತಿ ಅವನು ಮೇಲೆ ಬಂದ. ಪ್ಲಗ್ಗಿನ ಹತ್ತಿರ ಬಂದು ನಿಂತ. ವೈರ್‌ಮನ್ ಜಡಿದ ದುಂಡು ಗಟ್ಟಿ ನಾಲ್ಕು ಬಿಲ್ಲೆಗಳ ಮೂಲೆ ಕೂಡುವ ಜಾಗದಲ್ಲೇ ಇತ್ತು. ನಾಲ್ಕರ ಮೂಲೆಯನ್ನೂ ದುಂಡಗೆ ಕತ್ತರಿಸಿದರೆ ಮಾತ್ರ ಅವು ಅದರ ಸುತ್ತ ಕೂಡುತ್ತವೆ. ಗೌಂಡಿ ಒಂದು ಬಿಲ್ಲೆ ತೊಡೆಯ ಮೇಲಿಟ್ಟುಕೊಂಡು ಉಳಿಯಿಂದ ಗೆರೆ ಕೊರೆದು ಇಕ್ಕಳದಿಂದ ಮೂಲೆ ಕಚ್ಚಿದ. ಟಕ್ಕೆಂದಿತು.

ಹಿತ್ತಲಿನಿಂದ ಅತ್ತೆ ಬಂದು ಹೊಸಿಲಿನಲ್ಲಿ ನಿಂತರು.

“ಏನದು? ಏನು ಒಡೀತು?”

“ಒಡದಿಲ್ರಿ ಅವ್ವಾರ, ನಾನ ಒಡದೀನಿ. ಇಲ್ಲಿ ಕೂಡ್ಸಾಕ ಮೂಲಿ ತಗೀಬೇಕಲ್ರಿ.”

“ಒಡದ ಬಿಲ್ಲಿ ದೇವರ ಅಡಿಗಿಮನಿಗೆ ಹಚ್ಚತೀಯಾ? ಭಿನ್ನ ಆದದ್ದು ಈ ಮನ್ಯಾಗ ನಡ್ಯಾಂಗಿಲ್ಲ. ಅದನ್ನ ಹೊರಗ ಒಗಿ.”

ಭಿನ್ನ ಎಂಬ ಮಾತಿಗೆ ನಮ್ಮಲ್ಲಿ ಎದುರುತ್ತರವಿಲ್ಲ. ಬಿರುಕು ಬಿಟ್ಟ ಮೂರ್ತಿಗೆ ಪೂಜೆ ಇಲ್ಲ, ಅಂಚು ಹಾರಿದ ಪಾತ್ರೆಯಲ್ಲಿ ನೈವೇದ್ಯ ಇಲ್ಲ. ಇದು ನನಗೂ ಗೊತ್ತು, ನಮ್ಮ ಮನೆಯವರಿಗೂ ಗೊತ್ತು. ಆದರೂ ಸಂಜೆ ಅವರು ವಕೀಲಿಕೆ ಮಾಡಿ ನೋಡಿದರು.

“ಅವ್ವಾ, ಸಾಲಿಗ್ರಾಮಕ್ಕೂ ತೂತು ಇರ್ತದಲ್ಲ? ಅದು ಭಿನ್ನೇನು?”

“ಅದು ಅವನೇ ಮಾಡ್ಕೊಂಡ ತೂತು. ಇಕ್ಕಳ ಹಚ್ಚಿ ಮಾಡಿದ್ದಲ್ಲ. ನಿನ್ನ ಕೋರ್ಟಿನ ಮಾತು ಕೋರ್ಟಿನಾಗ ಇಟ್ಟು ಬಾ.”

ಪ್ಲಗ್ಗನ್ನೇ ಸ್ವಲ್ಪ ಪಕ್ಕಕ್ಕೆ ಸರಿಸಿ ಎಂದರೆ ವೈರ್‌ಮನ್ ಆಗದೆಂದು ತಲೆಯಾಡಿಸಿದ. ಇದ್ದ ತಂತಿ ಅಷ್ಟೇ, ಪಟ್ಟಿಯೊಳಗೆ ಗೇಣು ಕೂಡ ಹೆಚ್ಚಿಲ್ಲ, ಯುದ್ಧ ಮುಗಿಯುವ ತನಕ ಹೊಸದು ಕೇಳಬೇಡಿ ಎಂದ. ಕಡೆಗೆ ಗೌಂಡಿ ಬೇಸತ್ತು ತನಗೆ ತೋಚಿದ ಹಾಗೆ ಮಾಡಿದ. ಆ ನಾಲ್ಕು ಬಿಲ್ಲೆಗಳ ಜಾಗವನ್ನು ಖಾಲಿ ಬಿಟ್ಟು, ಸುತ್ತ ಇಡೀ ಬಿಲ್ಲೆಗಳನ್ನೇ ಹಚ್ಚಿ, ನಡುವಿನ ಚೌಕಕ್ಕೆ ಸಿಮೆಂಟು ಮೆತ್ತಿದ. ಬೆಳ್ಳಗಿನ ಗೋಡೆಯ ನಡುವೆ ಬೂದು ಬಣ್ಣದ ಆ ಚೌಕ ಹುಣ್ಣಿನ ಹಾಗೆ ಕಾಣುತ್ತಿತ್ತು. ಮೆತ್ತುವಾಗ ಹಸಿ ಸಿಮೆಂಟು ಮರದ ಗಟ್ಟಿಯ ಹಿಂದೆಯೂ ಹೋಯಿತು, ಸುತ್ತಲೂ ಬೆರಳು ಹಿಡಿಯುವಷ್ಟು ತಗ್ಗೂ ಉಳಿಯಿತು. ವೈರ್‌ಮನ್ ಅದನ್ನು ನೋಡಿ ಮುಖ ಗಂಟು ಹಾಕಿದ. ಇದು ಪೂರ್ತಿ ಒಣಗುವ ತನಕ ಫ್ಯೂಸು ಹಾಕಬೇಡಿ, ನೀರು ತಾಕಿಸಬೇಡಿ, ನಾನು ಮತ್ತೆ ಬಂದು ನೋಡುತ್ತೇನೆ ಎಂದು ಹೇಳಿ ಫ್ಯೂಸು ಕಿತ್ತು ನಮ್ಮ ಮನೆಯವರ ಕೈಗೆ ಕೊಟ್ಟು ಹೋದ.

ಮುಂದಿನದ್ದು ಯಾರೊಬ್ಬರ ತಪ್ಪೂ ಅಲ್ಲ, ಎಲ್ಲರದ್ದೂ ಹೌದು. ಮರುದಿನ ದೀಪ ಹಚ್ಚುವ ಹೊತ್ತಿಗೆ ಕಕ್ಷಿದಾರರು ಬಂದು ಕೂತಿದ್ದರು. ಪಡಸಾಲೆ ಕತ್ತಲು. ಇಡೀ ಮನೆಗೆ ಇದ್ದದ್ದು ಒಂದೇ ಫ್ಯೂಸು. ಪ್ಲಗ್ಗಿಗೆ ಒಲೆ ಹಚ್ಚಿಲ್ಲವಲ್ಲ, ದೀಪಕ್ಕಷ್ಟೇ ಎಂದು ನಮ್ಮ ಮನೆಯವರು ಅದನ್ನು ಹಾಕಿದರು. ಅದೇ ಹೊತ್ತಿಗೆ ಒಳಗೆ ಅತ್ತೆ ಹೊಸ ಗೋಡೆಗೆ ನೀರು ಎರಚುತ್ತಿದ್ದರು. ಗೌಂಡಿ, ವೈರ್‌ಮನ್ ಇಬ್ಬರೂ ಮುಟ್ಟಿದ ಗೋಡೆ, ಶುದ್ಧ ಮಾಡದೆ ದೇವರ ಪೆಟ್ಟಿಗೆ ಒಳಗೆ ತರುವುದು ಹೇಗೆ? ಪ್ಲಗ್ಗಿಗೆ ತಾಕದ ಹಾಗೆ ನೋಡಿಕೊಂಡೇ ಎರಚಿದ್ದೇನೆ ಎಂದರು. ನೀರಿಗೆ ಆ ಮಾತು ಗೊತ್ತಿರಲಿಲ್ಲ. ಹೊಳಪಿನ ಬಿಲ್ಲೆಯ ಮೇಲಿಂದ ಜಾರಿ, ಬೂದು ಚೌಕದ ತಗ್ಗಿನಲ್ಲಿ ಸೇರಿಕೊಂಡು, ಗಟ್ಟಿಯ ಸುತ್ತ ನಿಂತಿತು.

ಅತ್ತೆ ಹಿತ್ತಲಿಗೆ ಹೋದ ಮೇಲೆ ನಾನು ಒಳಗೆ ಹೋದಾಗ ಕಂಡದ್ದು ಆ ನಿಂತ ನೀರು. ಒರೆಸುವುದು ನನ್ನ ಕೈಗೆ ಹತ್ತಿದ ಚಟ. ವೈರ್‌ಮನ್‌ನ ಮಾತು ನೆನಪಿತ್ತು, ಅದಕ್ಕೇ ಬೇಗ ಒರೆಸಿಬಿಡೋಣ ಎಂದುಕೊಂಡೆ. ದೀಪಕ್ಕೆ ಫ್ಯೂಸು ಹಾಕಿದ್ದು ನನಗೆ ತಿಳಿದಿರಲಿಲ್ಲ. ಬರಿಗಾಲು, ಒದ್ದೆ ಫರಸಿ. ಬಟ್ಟೆ ಇಟ್ಟೆ.

ಆಮೇಲೆ ನಾನು ನೆಲದ ಮೇಲೆ ಇದ್ದೆ. ಬಲಗೈ ನನ್ನದಲ್ಲ ಎನಿಸಿತು. ಒಳಕಲ್ಲಿನ ಅಂಚಿಗೆ ಬಡಿದು ಆ ಕೈಯ ಬಳೆಗಳೆಲ್ಲ ಹೋಗಿದ್ದವು, ಮಣಿಕಟ್ಟಿನಿಂದ ರಕ್ತ ಬರುತ್ತಿತ್ತು. ಮುತ್ತೈದೆಯ ಬಳೆ ಒಡೆಯಿತು ಎನ್ನಬಾರದು, ಹೆಚ್ಚಿತು ಎನ್ನಬೇಕು. ಹೆಚ್ಚಿದ ಬಳೆಯ ಚೂರುಗಳು ಬಿಳಿ ಬಿಲ್ಲೆಯ ಬುಡದಲ್ಲಿ ಹಸಿರಾಗಿ ಬಿದ್ದಿದ್ದವು. ನಮ್ಮ ಮನೆಯವರು ಓಡಿ ಬಂದರು, ಮತ್ತೆ ಓಡಿ ಹೋಗಿ ಫ್ಯೂಸು ಕಿತ್ತರು. ಮನೆಯೆಲ್ಲ ಕತ್ತಲಾಯಿತು. ಅತ್ತೆ ಹಣತೆ ಹಿಡಿದು ಬಂದವರು ನನ್ನ ಬರಿಗೈ ನೋಡಿ ಅಲ್ಲೇ ನಿಂತುಬಿಟ್ಟರು.

ಅವರು ಅತ್ತದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಹೊಗೆಯ ನೀರು ಬೇರೆ, ಇದು ಬೇರೆ. ಕೂತುಕೊಂಡು ಚೂರುಗಳನ್ನು ಒಂದೊಂದಾಗಿ ಆರಿಸಿದರು. ಬಳೆಗಾರ ಬರುವ ತನಕ ಮುತ್ತೈದೆಯ ಕೈ ಬರಿದಾಗಿರಬಾರದು, ಅರಿಷಿಣದ ದಾರವಾದರೂ ಇರಬೇಕು. ಅವರೇ ನೂಲು ಹೊಸೆದು, ಅರಿಷಿಣ ಹಚ್ಚಿ, ಅರಿಷಿಣದ ಕೊಂಬು ಪೋಣಿಸಿ ಸಿದ್ಧ ಮಾಡಿದರು. ನಾನು ಕೈ ಚಾಚಿದೆ. ಅವರು ಕಟ್ಟಲಿಲ್ಲ. ದಾರವನ್ನು ನನ್ನ ಪಕ್ಕ ನೆಲದ ಮೇಲೆ ಇಟ್ಟು ಮಗನ ಕಡೆ ತಿರುಗಿದರು.

“ನೀ ಕಟ್ಟಪ್ಪಾ. ನನ್ನ ಕೈಲೆ ಕಟ್ಟಬಾರದು.”

ನಮ್ಮ ಮನೆಯವರು ಗಂಟಿನ ಮೇಲೆ ಗಂಟು ಹಾಕಿ ಕಟ್ಟಿದರು. ಹೆದರಿಕೆ ಸಿಟ್ಟಾಗಿ ತಿರುಗಿತು.

“ನಾಳೆ ಎಲ್ಲಾ ಕೀಳಿಸ್ತೀನಿ. ಕರೆಂಟೂ ಬ್ಯಾಡ, ಬಿಲ್ಲೀನೂ ಬ್ಯಾಡ. ಇನ್ನ ಮ್ಯಾಲ ಅಡಿಗಿ ನೀ ಮಾಡಬ್ಯಾಡ ಅವ್ವಾ. ಇಕಿ ಮಾಡ್ತಾಳ. ಮುಗೀತು.”

ನಾನು ಮಾಡುತ್ತೇನೆಯೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ. ಅತ್ತೆ ಮಾತ್ರ ಹಣತೆಯನ್ನು ನನ್ನ ತಲೆಯ ಹತ್ತಿರ ಇಟ್ಟು ಹಿತ್ತಲಿಗೆ ಹೋದರು.

ಬೆಳಿಗ್ಗೆ ಗೌಂಡಿ ಬಂದ. ನಡೆದದ್ದನ್ನು ಕೇಳಿ, ಮೊದಲ ಸಲ ಸೊಂಟದ ಸುದ್ದಿ ಎತ್ತದೆ, ಸುಮ್ಮನೆ ಉಳಿ ತೆಗೆದುಕೊಂಡು ಬಿಲ್ಲೆ ಕೀಳಲು ಕೂತ. ನಮ್ಮ ಮನೆಯವರು ಪಕ್ಕದಲ್ಲಿ ನಿಂತಿದ್ದರು. ನಾನು ಗೋಡೆಗೆ ಒರಗಿ ಕೂತಿದ್ದೆ. ಅತ್ತೆ ಸ್ನಾನ ಮುಗಿಸಿ ಒದ್ದೆ ಸೀರೆಯಲ್ಲೇ ಬಂದು ಹೊಸಿಲ ಮೇಲೆ ನಿಂತರು. ಸೀರೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

“ಕೀಳಬ್ಯಾಡ. ಆ ನಾಲ್ಕು ಬಿಲ್ಲಿ ಒಡದು, ಹೆಂಗ ಕೂಡಬೇಕೋ ಹಂಗ ಕೂಡ್ಸು.”

ಗೌಂಡಿ ನಮ್ಮ ಮನೆಯವರ ಮುಖ ನೋಡಿದ.

“ಅವ್ವಾರ, ನೀವ ಭಿನ್ನ ಆಗತದ ಅಂದಿದ್ರಿ.”

“ಅಂದಿದ್ದೆ. ರಾತ್ರಿ ಎಲ್ಲಾ ಕೂತು ವಿಚಾರ ಮಾಡೀನಿ. ಈ ಮನ್ಯಾಗ ಭಿನ್ನ ಆದದ್ದು ನಿನ್ನ ಬಿಲ್ಲಿ ಮೊದಲನೇದಲ್ಲಪ್ಪಾ. ನನ್ನ ಬಳಿ ಒಡದ್ರು, ತಲಿ ಬೋಳಿಸಿದ್ರು, ಮೂಲ್ಯಾಗ ಕೂಡ್ಸಿದ್ರು. ಅವತ್ತಿನಿಂದ ಇವತ್ತಿನ ತನಕ ನಾ ಮಾಡಿದ್ದನ್ನೇ ದೇವರು ಉಣ್ಲಿಕ್ಕತ್ತಾನ. ಒಂದಿನಾನೂ ಒಲ್ಲೆ ಅಂದಿಲ್ಲ. ಭಿನ್ನ ಆದಾಕಿ ಕೈ ಅವನಿಗೆ ನಡೀತದ ಅಂದ್ರ, ಗ್ವಾಡಿ ಬಿಲ್ಲಿ ಯಾಕ ನಡ್ಯಾಂಗಿಲ್ಲ? ಒಡಿ.”

ನಮ್ಮ ಮನೆಯವರು ತಲೆ ತಗ್ಗಿಸಿದರು. ಆ ಮಾತನ್ನು ಅವರು ಸಿಟ್ಟಿನಿಂದ ಹೇಳಲಿಲ್ಲ, ದುಃಖದಿಂದಲೂ ಹೇಳಲಿಲ್ಲ. ಪಂಚಾಂಗ ನೋಡಿ ಇವತ್ತು ದ್ವಾದಶಿ ಎಂದು ಹೇಳುವ ಹಾಗೆ ಹೇಳಿದರು.

ಗೌಂಡಿ ಒಡೆದ. ಮೊದಲಿನದು ತಪ್ಪಿ ಅಡ್ಡಡ್ಡ ಸೀಳಿತು, ಎರಡನೆಯದೂ ಹಾಗೇ ಹೋಯಿತು. ಅವನು ಹಣೆ ಹಣೆ ಬಡಿದುಕೊಂಡ. ಆಮೇಲೆ ಇಕ್ಕಳದಿಂದ ಸಾಸಿವೆಯಷ್ಟು ಸಾಸಿವೆಯಷ್ಟೇ ಕಚ್ಚುತ್ತ ಬಂದು, ಕಲ್ಲಿನ ಮೇಲೆ ಉಜ್ಜಿ ಉಜ್ಜಿ ಅಂಚು ನುಣುಪು ಮಾಡಿದ. ವೈರ್‌ಮನ್‌ನನ್ನೂ ಕರೆಸಿದರು. ಫ್ಯೂಸು ಕಿತ್ತಿದೆಯೇ ಎಂದು ಅವನು ತಾನೇ ಹೋಗಿ ನೋಡಿ, ಅದನ್ನು ತನ್ನ ಜೇಬಿಗೆ ಹಾಕಿಕೊಂಡು ಬಂದ. ದುಂಡು ಗಟ್ಟಿಯನ್ನು ಬಿಚ್ಚಿ ಮುಂದಕ್ಕೆ ಎಳೆದು, ಅದರ ಹಿಂದಿನ, ಚೌಕದೊಳಗಿನ ಒದ್ದೆ ಸಿಮೆಂಟನ್ನೆಲ್ಲ ಕೆರೆಸಿದ. ತಂತಿಯ ಮೈ ಸುಲಿದ ಕಡೆ ಅಂಟುಪಟ್ಟಿ ಸುತ್ತಿದ. ಕತ್ತರಿಸಿದ ನಾಲ್ಕೂ ಮೂಲೆಗಳು ಗಟ್ಟಿಯ ಅಂಚಿನ ಅಡಿಗೆ ಹೋಗುವ ಹಾಗೆ, ಆದರೆ ತಂತಿಗೆ ತಾಕದ ಹಾಗೆ ಗೌಂಡಿ ಬಿಲ್ಲೆ ಕೂರಿಸಿದ. ಅವನ್ನು ಹಾಗೇ ಒಣಗಲು ಬಿಟ್ಟರು. ಪೂರ್ತಿ ಒಣಗಿದ ಮೇಲೆ ವೈರ್‌ಮನ್ ಮತ್ತೆ ಬಂದು, ಉದ್ದನೆಯ ತಿರುಪು ಹಾಕಿ ಗಟ್ಟಿಯನ್ನು ಬಿಲ್ಲೆಗೆ ಒತ್ತಿ ಬಿಗಿದ. ಒಡೆದ ಅಂಚು ಒಂದೂ ಹೊರಗೆ ಕಾಣಲಿಲ್ಲ, ಉಗುರು ತೂರುವ ಸಂದೂ ಉಳಿಯಲಿಲ್ಲ.

“ಅಮ್ಮಾ,” ಎಂದು ಅವನು ಹೊಸಿಲಿನ ಕಡೆ ನೋಡಿ ಹೇಳಿದ, “ಫ್ಯೂಸ್ ತೆಗ್ದು ಒರಸ್ರಿ, ಎರಚಬ್ಯಾಡ್ರಿ. ಒಣಾ ಆದ ಮ್ಯಾಲ ಹಾಕ್ರಿ. ಒದ್ದಿ ಕೈಲಿ ಪ್ಲಗ್ ಮುಟ್ಟಬ್ಯಾಡ್ರಿ.”

“ಒದ್ದಿ ಸೀರೀಲೆ?”

ವೈರ್‌ಮನ್ ಯೋಚನೆ ಮಾಡಿದ. ಅವನಿಗೂ ದಣಿವಾಗಿತ್ತು ಅನ್ನಿಸುತ್ತದೆ.

“ಅದೂ ಬ್ಯಾಡ್ರಿ.”

ಇದಕ್ಕೂ ಜಗಳವಾಗುತ್ತದೆ ಎಂದು ನಾನು ಮನಸ್ಸು ಗಟ್ಟಿ ಮಾಡಿಕೊಂಡೆ. ಆಗಲಿಲ್ಲ. ರೇಷ್ಮೆ ಒಣಗಿದ್ದರೂ ಮಡಿಗೆ ನಡೆಯುತ್ತದೆ. ಪೆಟ್ಟಿಗೆಯ ತಳದಲ್ಲಿದ್ದ ಹಳೆಯ ರೇಷ್ಮೆ ಮಗುಟವನ್ನು ಅತ್ತೆ ತೆಗೆಸಿದರು. ಒಲೆಯ ಮುಂದೆ ಮರದ ಮಣೆ ಹಾಕಿಸಿಕೊಂಡು ಅದರ ಮೇಲೆ ಕೂತರು. ಪ್ಲಗ್ಗು ಹಾಕುವುದು, ತೆಗೆಯುವುದು ನನ್ನ ಪಾಲಿಗೆ ಬಂತು. ಕೈ ಒರೆಸಿ ಒರೆಸಿ ನೋಡಿಕೊಂಡು ಹಾಕಿದೆ. ಭಯವಾಗಲಿಲ್ಲ ಎಂದರೆ ಸುಳ್ಳು. ಸುರುಳಿ ತಂತಿ ಮೊದಲು ಕಪ್ಪಗೇ ಇತ್ತು, ಆಮೇಲೆ ನಿಧಾನವಾಗಿ ಕೆಂಪಗಾಯಿತು. ಅನ್ನದ ತಪ್ಪೇಲಿ ಏರಿತು.

ಬೆಂಕಿ ಇದೆ, ಸದ್ದಿಲ್ಲ, ವಾಸನೆಯಿಲ್ಲ. ಏನು ಮಾಡಬೇಕೆಂದು ತಿಳಿಯದೆ ನಾನು ಕೈಕಟ್ಟಿ ಕೂತೆ. ಆ ಮನೆಗೆ ಬಂದ ಮೇಲೆ ಅಡಿಗೆಮನೆಯಲ್ಲಿ ನಾನು ಸುಮ್ಮನೆ ಕೂತದ್ದು ಅದೇ ಮೊದಲು. ಅನ್ನ ಕುದಿಯಿತು. ಅತ್ತೆ ಕೆಮ್ಮಲಿಲ್ಲ. ಬಾಗಿಲಿನಿಂದ ಬಂದ ಬೆಳಕು ಬಿಳಿ ಬಿಲ್ಲೆಗೆ ಬಡಿದು ಕೋಣೆಯೆಲ್ಲ ಹರಡಿತ್ತು. ತಪ್ಪೇಲಿ ಇಳಿಸಿ, ತೊವ್ವೆ ಇಟ್ಟು, ಸೌಟು ಹಿಡಿದು ಅವರು ನನ್ನ ಕಡೆ ತಿರುಗಿದರು. ಅವರ ಕಣ್ಣು ಒಣಗಿತ್ತು. ತಿರುಗಿದವರು ಹಾಗೇ ನೋಡುತ್ತ ಕೂತರು. ನೆಲ ಬಳಿದಿಲ್ಲವೆಂದೋ ನೀರು ತುಂಬಿಲ್ಲವೆಂದೋ ಬೈಯುತ್ತಾರೆ ಎಂದುಕೊಂಡೆ.

“ಹುಡುಗೀ,” ಎಂದರು, “ನಿನ್ನ ತಲಿಗೂದ್ಲಾ ಬೆಳ್ಳಗಾಗ್ಯಾವಲ್ಲ. ಯಾವಾಗ?”

ನನಗೆ ಗೊತ್ತಿಲ್ಲ ಎಂದೆ.